ಗೀರಿಲ್ಲದ ಚಿಪ್ಪು

ಆ ಊರು ಎಲ್ಲಿದೆ ಅಂತ ನನ್ನನ್ನು ಕೇಳಬೇಡಿ, ದಾರಿ ಹೇಳುವುದಕ್ಕೆ ನನಗೂ ಬರುವುದಿಲ್ಲ. ಅಲ್ಲಿ ಬಿಸಿಲು ಜಾಸ್ತಿ, ಮಾತು ಕಡಿಮೆ, ಅಷ್ಟು ಗೊತ್ತು. ಸೂರ್ಯ ನೆತ್ತಿಗೆ ಬಂದ ಕೂಡಲೇ ಚಾವಡಿಯ ಗಂಟೆ ಒಂದೇ ಒಂದು ಸಲ ಹೊಡೆಯುತ್ತದೆ. ಕೈಯಲ್ಲಿದ್ದ ಕೆಲಸ ಅಲ್ಲಲ್ಲೇ ಬಿಟ್ಟು, ಬಾಗಿಲು ಮುಂದಕ್ಕೆ ಹಾಕಿ, ಊರಿಗೆ ಊರೇ ಚಾಪೆ ಹಾಸಿ ಮಲಗುತ್ತದೆ.

ಮಲಗಿದ ಮೇಲೆ ಸದ್ದು ಶುರುವಾಗುತ್ತಿತ್ತು. ಮನೆಮನೆಯಲ್ಲೂ ಬೀಸುವ ಕಲ್ಲು ತಿರುಗಿದ ಹಾಗೆ, ಕಿರ್ರ್, ಕಿರ್ರ್. ಹಲ್ಲು ಕಡಿಯುವ ಸದ್ದು ಅದು. ಆ ಊರಿನವರು ಎಚ್ಚರವಿದ್ದಾಗ ಯಾರಿಗೂ ಏನನ್ನೂ ಅನ್ನುತ್ತಿರಲಿಲ್ಲ. ಸಿಟ್ಟು ಬಂದರೆ ನುಂಗುತ್ತಿದ್ದರು. ದುಃಖ ಬಂದರೆ ನುಂಗುತ್ತಿದ್ದರು. ತಪ್ಪು ಮಾಡಿದರೆ ಅದನ್ನೂ ನುಂಗಿ ಮೇಲೊಂದು ಲೋಟ ನೀರು ಕುಡಿಯುತ್ತಿದ್ದರು. ನುಂಗಿದ್ದು ಹೊಟ್ಟೆಗಾದರೂ ಇಳಿಯಬೇಕಲ್ಲ? ಇಳಿಯುತ್ತಿರಲಿಲ್ಲ. ರಾತ್ರಿ ಬರುತ್ತಿರಲಿಲ್ಲ, ಮಧ್ಯಾಹ್ನದ ನಿದ್ದೆಯಲ್ಲೇ ಮರಳಿ ದವಡೆಗೆ ಬರುತ್ತಿತ್ತು, ಹಲ್ಲಿನ ನಡುವೆ ಸಿಕ್ಕಿ ಅರೆದುಹೋಗುತ್ತಿತ್ತು. ಹಾಗಿದ್ದರೆ ದೇವರು ಬಾಯಿ ಕೊಟ್ಟಿದ್ದು ಯಾಕಂತೆ ಅಂತ ಅವರನ್ನು ಕೇಳಿ ನೋಡಿ. ನಗುನಗುತ್ತಾ ಎಲೆ ಅಡಿಕೆ ತಟ್ಟೆ ಮುಂದಿಡುತ್ತಾರೆ, ಅಷ್ಟೇ.

ಅದಕ್ಕೊಂದು ಕಟ್ಟಳೆ ಇತ್ತು. ಮನೆಯಲ್ಲಿ ಒಬ್ಬರು ಮಲಗಿದರೆ ಒಬ್ಬರು ಎಚ್ಚರವಾಗಿರಬೇಕು. ಇವತ್ತು ಗಂಡನ ಸರದಿಯಾದರೆ ನಾಳೆ ಹೆಂಡತಿಯದು. ಎಚ್ಚರದವರು ಮಲಗಿದವರ ತಲೆಯ ಹತ್ತಿರ ಒಂದು ಚೊಂಬು ನೀರು ಇಟ್ಟುಕೊಂಡು ಕೂರಬೇಕು, ಸದ್ದು ಕೇಳಬೇಕು, ಆದರೆ ನಡುವೆ ಎಬ್ಬಿಸಬಾರದು. ಎಬ್ಬಿಸಿದರೆ ಅರ್ಧ ಅರೆದ ಮಾತು ಗಂಟಲಲ್ಲಿ ಸಿಕ್ಕಿಕೊಂಡು ಜೀವ ತೆಗೆಯುತ್ತದೆ ಅಂತ ನಂಬಿದ್ದರು. ಎದ್ದ ಮೇಲೆ ನೀರು ಕೊಟ್ಟು "ಬಾಯಿ ಮುಕ್ಕಳಿಸು" ಅನ್ನಬೇಕು. ಎದ್ದವರು ಅಂಗಳದ ಬೇವಿನ ಬುಡಕ್ಕೆ ಉಗಿಯಬೇಕು. ಏನು ಕಡಿದೆ ಅಂತ ಮಾತ್ರ ಕೇಳಕೂಡದು. ಎಲ್ಲದಕ್ಕಿಂತ ದೊಡ್ಡ ಕಟ್ಟಳೆ ಅದೇ.

ಮಕ್ಕಳಿಗೆ ಮಾತ್ರ ಈ ತಾಪತ್ರಯವಿರಲಿಲ್ಲ. ನುಂಗುವುದು ಅವಕ್ಕೆ ಇನ್ನೂ ಬಂದಿರುವುದಿಲ್ಲವಲ್ಲ, ಸುಮ್ಮನೆ ಮಲಗಿ ಸುಮ್ಮನೆ ಏಳುತ್ತಿದ್ದವು.

ಆ ಊರಿನ ಕೊನೆಯ ಮನೆಯಲ್ಲಿ ಚಾಪೆಯವಳು ಇದ್ದಳು. ಊರವರು ಮಲಗುವ ಚಾಪೆಗಳನ್ನೆಲ್ಲ ಹೆಣೆಯುತ್ತಿದ್ದವಳು ಅವಳೇ. ಅವಳ ಗಂಡ ಸಾಣೆಯವನು. ಕುಡುಗೋಲು, ಈಳಿಗೆ, ಕತ್ತಿ, ಏನು ತಂದರೂ ಸಾಣೆ ಹಿಡಿದು ಕೊಡುತ್ತಿದ್ದ. ಬೆಳಗಾದರೆ ಅಂಗಳದಲ್ಲಿ ಜೊಂಡು ಸೀಳುವ ಸದ್ದು, ಪಡಸಾಲೆಯಲ್ಲಿ ಸಾಣೆಕಲ್ಲು ತಿರುಗುವ ಸದ್ದು. ಆದರೆ ಸಾಣೆ ಹಿಡಿಸಲು ಬಂದವರು "ಸಾಣೆಯವನೇ" ಅಂತ ಕರೆಯುತ್ತಿರಲಿಲ್ಲ. "ಮಲಗಿದವನ ಮನೆ ಇದೇ ಅಲ್ವಾ?" ಅಂತ ಬೇಲಿಯಾಚೆಯಿಂದ ಕೇಳುತ್ತಿದ್ದರು. ಅವನು "ಹೌದು, ಬನ್ನಿ" ಅನ್ನುತ್ತಿದ್ದ. ಒಂಬತ್ತು ವರ್ಷದಿಂದ ಅವನಿಗೆ ಅದೇ ಹೆಸರು.

ಒಂಬತ್ತು ವರ್ಷದ ಹಿಂದೆ ಅವರಿಗೊಬ್ಬಳು ಮಗಳಿದ್ದಳು. ಆರು ತುಂಬಿತ್ತು. ಒಂದು ಬೆಳಿಗ್ಗೆ ಸೀಬೆಕಾಯಿ ಕಚ್ಚುವಾಗ ಅವಳ ಮೊದಲ ಹಾಲುಹಲ್ಲು ಬಿತ್ತು. ಅವಳ ಸಡಗರ ನೋಡಬೇಕಿತ್ತು! ಅಂಗೈಯಲ್ಲಿಟ್ಟುಕೊಂಡು ಬೀದಿಯೆಲ್ಲ ತೋರಿಸಿಕೊಂಡು ಬಂದಳು. ಚಾಪೆಯವಳು ಅದನ್ನು ಸಗಣಿಯ ಪುಟ್ಟ ಉಂಡೆಯೊಳಗಿಟ್ಟು, "ಸಾಯಂಕಾಲ ಅಪ್ಪ ಎತ್ತಿಕೊಳ್ತಾರೆ, ಮಾಡಿನ ಮೇಲೆ ಎಸೆಯುವಿಯಂತೆ. ಆಮೇಲೆ ಹೊಸ ಹಲ್ಲು ಬರುತ್ತೆ" ಅಂದಳು.

"ಈಗಲೇ ಎಸೀತೀನಮ್ಮಾ."

"ಈಗ ಗಂಟೆ ಹೊಡೀತಾರೆ, ಮಲಕ್ಕೋ."

ಗಂಟೆ ಹೊಡೆಯಿತು. ಆ ದಿನ ಮಲಗುವ ಸರದಿ ಚಾಪೆಯವಳದು, ಎಚ್ಚರದ ಸರದಿ ಸಾಣೆಯವನದು. ಮಗಳನ್ನು ಪಕ್ಕಕ್ಕೆ ಹಾಕಿಕೊಂಡು ಮಲಗಿದಳು. ಬೆಳಿಗ್ಗೆ ಗಂಡನ ಜೊತೆ ಏನೋ ಒಂದು ಸಣ್ಣ ಮಾತು ಬಂದಿತ್ತು, ಅದನ್ನು ನುಂಗಿಕೊಂಡೇ ಮಲಗಿದ್ದಳು. ಏಳುವಷ್ಟರಲ್ಲಿ ಅಂಗಳದ ತುಂಬ ಜನ. ಹೆಂಚು ಸರಿಮಾಡುವುದಕ್ಕೆಂದು ಇಟ್ಟಿದ್ದ ಏಣಿ ಮಾಡಿಗೆ ಒರಗಿಕೊಂಡೇ ಇತ್ತು. ಅದರ ಬುಡದಲ್ಲಿ ಮಗಳು ಬಿದ್ದಿದ್ದಳು. ಅಂಗೈಯಲ್ಲಿ ಸಗಣಿಯ ಗುರುತಿತ್ತು, ಉಂಡೆ ಇರಲಿಲ್ಲ. ಎಸೆದ ಮೇಲೆಯೇ ಬಿದ್ದಿದ್ದಳು, ಪಾಪದ ಕಂದ.

ಊರ ಹಿರಿಯ ಕೇಳಿದ. "ಯಾರ ಸರದಿ?"

"ನಂದು" ಅಂದ ಸಾಣೆಯವನು. ತಲೆ ತಗ್ಗಿಸಿದ. ಎಚ್ಚರವಾಗಿ ಇರಬೇಕಾದವನು ಮಲಗಿಬಿಟ್ಟ ಅಂತ ಊರು ತಾನೇ ತೀರ್ಮಾನ ಮಾಡಿತು. ಅಲ್ಲ ಅಂತ ಅವನು ಅನ್ನಲಿಲ್ಲ, ಹೌದು ಅಂತಲೂ ಅನ್ನಲಿಲ್ಲ.

ಮೂರನೆಯ ದಿನ ಪಕ್ಕದ ಮನೆಯ ಮುದುಕಿ ಬಂದು ಚಾಪೆಯವಳ ಮುಖ ತೊಳೆಸಿದಳು. ಕಿವಿಗಳ ಕೆಳಗೆ ಎರಡೂ ಕಡೆ ನೀಲಿಗಟ್ಟಿದ್ದು ಕಂಡು, "ಅಯ್ಯೋ ನನ್ನವ್ವ, ಮುಖ ಚಚ್ಚಿಕೊಂಡು ಅತ್ತಿದ್ದೀಯಲ್ಲೇ" ಅಂದಳು. ಇರಬಹುದು ಅಂದುಕೊಂಡಳು ಚಾಪೆಯವಳು. ಆ ದಿನ ತಾನು ಏನೇನು ಮಾಡಿಕೊಂಡೆ ಅಂತ ಅವಳಿಗೆಲ್ಲಿ ನೆನಪಿತ್ತು?

ಆಮೇಲೆ ಒಂಬತ್ತು ವರ್ಷ ಅವರು ಸರದಿ ತಪ್ಪಿಸಲಿಲ್ಲ. ಒಂದು ದಿನ ಅವಳು ಮಲಗುತ್ತಿದ್ದಳು, ಅವನು ಕೂರುತ್ತಿದ್ದ. ಒಂದು ದಿನ ಅವನು ಮಲಗುತ್ತಿದ್ದ, ಅವಳು ಕೂರುತ್ತಿದ್ದಳು. ಅವನು ಕಡಿಯುವುದನ್ನು ಅವಳು ಕಿವಿಗೊಟ್ಟು ಕೇಳುತ್ತಿದ್ದಳು. ಎರಡು ಗಿಡ್ಡ, ಒಂದು ಉದ್ದ. ಎರಡು ಗಿಡ್ಡ, ಒಂದು ಉದ್ದ. "ಮಲಗಿಬಿಟ್ಟೆ, ಮಲಗಿಬಿಟ್ಟೆ" ಅನ್ನುತ್ತಿದ್ದಾನೆ ಅಂತಲೇ ಅವಳ ನಂಬಿಕೆ. ಎದ್ದಾಗ ನೀರು ಕೊಡುತ್ತಿದ್ದಳು. "ಬಾಯಿ ಮುಕ್ಕಳಿಸಿ" ಅನ್ನುತ್ತಿದ್ದಳು. ಅವನು ಹೋಗಿ ಬೇವಿನ ಬುಡಕ್ಕೆ ಉಗಿದು ಬರುತ್ತಿದ್ದ.

ಅವಳ ಸಿಟ್ಟು ಎಂದೋ ಆರಿತ್ತು, ನಿಜ ಹೇಳಬೇಕೆಂದರೆ. ಅವಳಿಗೆ ಬೇಕಾಗಿದ್ದು ಒಂದೇ ಒಂದು ಮಾತು. ನಿದ್ದೆಯಲ್ಲಿ ಕಡಿಯುವುದನ್ನು ಅವನು ಒಂದು ಸಲ, ಒಂದೇ ಸಲ, ಎಚ್ಚರವಾಗಿದ್ದಾಗ ತನ್ನ ಮುಖ ನೋಡಿ ಹೇಳಬೇಕು: ಮಲಗಿಬಿಟ್ಟೆ ಕಣೇ. ಅಷ್ಟಾದರೆ ಸಾಕಿತ್ತು. ಅವನನ್ನು ತಬ್ಬಿಕೊಂಡು ಅಳುವುದಕ್ಕೆ ಅವಳಿಗೆ ಅಷ್ಟು ಸಾಕಿತ್ತು. ಅವನು ಹೇಳಲಿಲ್ಲ. ಅವಳು ಕೇಳುವ ಹಾಗಿರಲಿಲ್ಲ.

ಹೀಗಿರುವಾಗ ಊರಿಗೆ ಹಲ್ಲಿಗೆ ಚಿಪ್ಪು ಮಾಡಿ ಕೂರಿಸುವ ಚಿಪ್ಪಿನವನು ಬಂದ.

ಪೆಟ್ಟಿಗೆಯನ್ನು ಚಾವಡಿಯ ಕಟ್ಟೆಯ ಮೇಲಿಟ್ಟು, ಎತ್ತಿನ ಹಲ್ಲು ನೋಡುವ ಹಾಗೆ ಊರವರ ಬಾಯಿ ಒಂದೊಂದೇ ನೋಡಿದ. ಎಲ್ಲರವೂ ಸವೆದು ಮೋಟಾಗಿದ್ದವು, ಒಂದರ ಮೇಲೊಂದು ಹತ್ತಿ ಸೊಟ್ಟಗಾಗಿದ್ದವು. "ಏನ್ರಪ್ಪಾ ಇದು, ಕಲ್ಲು ತಿಂತೀರಾ?" ಅಂದ. ಅವರು ಎಲೆ ಅಡಿಕೆ ತಟ್ಟೆ ಮುಂದಿಟ್ಟರು.

ಅವನು ಮೆತ್ತನೆಯ ಮೇಣ ಕಚ್ಚಿಸಿ ಅಚ್ಚು ತೆಗೆದ. ಆ ಅಚ್ಚಿನಿಂದ ಚಿಪ್ಪು ಮಾಡಿದ. ನೀರಿನಷ್ಟು ತಿಳಿಯಾದ, ಉಗುರಿನಷ್ಟು ತೆಳುವಾದ ಚಿಪ್ಪು. ಹಲ್ಲಿನ ಮೇಲೆ ಕೂತರೆ ಇದೆಯೆಂದೇ ತಿಳಿಯುತ್ತಿರಲಿಲ್ಲ. ಒಬ್ಬೊಬ್ಬರಿಗೆ ಇಪ್ಪತ್ನಾಲ್ಕು. ಅಮಾವಾಸ್ಯೆಗೊಂದು, ಹುಣ್ಣಿಮೆಗೊಂದು. ಪ್ರತಿಯೊಂದೂ ಹಿಂದಿನದಕ್ಕಿಂತ ಕೂದಲೆಳೆಯಷ್ಟು ನೆಟ್ಟಗೆ. ಹಳೆಯದನ್ನು ಅವನ ಕೈಗೆ ಕೊಟ್ಟು ಹೊಸದನ್ನು ಹಾಕಿಕೊಳ್ಳಬೇಕು. ಊಟಕ್ಕೆ ಮಾತ್ರ ತೆಗೆಯಬೇಕು, ಮಲಗುವಾಗ ಹಾಕಿಕೊಂಡೇ ಇರಬೇಕು. "ವರ್ಷ ತುಂಬೋದರೊಳಗೆ ಹಲ್ಲೂ ನೆಟ್ಟಗಾಗುತ್ತೆ, ಸದ್ದೂ ಇರೋದಿಲ್ಲ" ಅಂದ.

ಮೊದಲ ಪಕ್ಷದಲ್ಲಿ ಊರಿನ ಅವಸ್ಥೆ ನೋಡಬೇಕಿತ್ತು. ಎಲ್ಲರ ನಾಲಿಗೆಯೂ ತೊಡರುತ್ತಿತ್ತು. ಹಿರಿಯ ತೀರ್ಪು ಹೇಳಲು ನಿಂತರೆ ಜೊಲ್ಲು ಸುರಿಯುತ್ತಿತ್ತು. ಎಲೆ ಅಡಿಕೆ ಬಿಟ್ಟ ಮುದುಕರು ಮುಖ ಗಂಟು ಹಾಕಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಆಮೇಲೆ ರೂಢಿಯಾಯಿತು. ಆರನೆಯ ಚಿಪ್ಪಿನ ಹೊತ್ತಿಗೆ ಮಧ್ಯಾಹ್ನದ ಊರು ಗಪ್‌ಚಿಪ್ಪಾಯಿತು. ಎಲೆ ಬಿದ್ದರೆ ಕೇಳಿಸುತ್ತಿತ್ತು.

"ಸದ್ದೇ ಇಲ್ಲದ ಮೇಲೆ ಎಚ್ಚರದ ಸರದಿ ಯಾಕೆ?" ಅಂದ ಹಿರಿಯ. ಸರದಿ ನಿಂತಿತು. ಚೊಂಬು ನೀರು ನಿಂತಿತು. ಗಂಡ ಹೆಂಡತಿ ಒಟ್ಟಿಗೆ ಮಲಗಿ ಒಟ್ಟಿಗೆ ಏಳತೊಡಗಿದರು. ನಕ್ಕರೆ ಎಲ್ಲರದೂ ಒಂದೇ ಸಾಲು, ಬೆಳ್ಳಗೆ. ಮಧ್ಯಾಹ್ನದ ನೀರು ಕಾಣದ ಬೇವಿನ ಮರಗಳು ಎಲೆ ಉದುರಿಸಿದವು. ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಚಾಪೆಯವಳು ಗಮನಿಸಿದಳು. ಮಧ್ಯಾಹ್ನ ಅವನ ಪಕ್ಕದಲ್ಲಿ ಮಲಗಿ ಆ ಎರಡು ಗಿಡ್ಡ, ಒಂದು ಉದ್ದಕ್ಕಾಗಿ ಕಾಯುತ್ತಿದ್ದಳು. ಇಲ್ಲ. ಅವನು ಗೋಡೆ ಕಡೆ ತಿರುಗಿ ತಣ್ಣಗೆ ಉಸಿರಾಡುತ್ತಿದ್ದ. ಎಚ್ಚರದಲ್ಲಿ ಸಿಗದ ಮಾತು ನಿದ್ದೆಯಲ್ಲಾದರೂ ಸಿಗುತ್ತಿತ್ತಲ್ಲ, ಈಗ ಅದೂ ಹೋಯಿತಲ್ಲ ಅಂದುಕೊಳ್ಳುತ್ತಿದ್ದಳು. ಕಾದು ಕಾದು ಅವಳಿಗೇ ಕಣ್ಣು ಹತ್ತುತ್ತಿತ್ತು.

ಹತ್ತನೆಯ ಚಿಪ್ಪು ಬದಲಿಸುವ ಅಮಾವಾಸ್ಯೆ. ಇಬ್ಬರ ಹಳೆಯ ಚಿಪ್ಪುಗಳನ್ನೂ ಅವಳೇ ತೆಗೆದುಕೊಂಡು ಹೋದಳು. ಚಿಪ್ಪಿನವನು ಅವಳದನ್ನು ಬಿಸಿಲಿಗೆ ಹಿಡಿದು ತೋರಿಸಿದ. ತುಂಬ ಗೀರು, ಉದ್ದಕ್ಕೂ ಅಡ್ಡಕ್ಕೂ.

"ಸದ್ದು ನಿಂತಿದೆ ತಾಯಿ, ಕಡಿಯೋದು ನಿಂತಿಲ್ಲ. ಊರಲ್ಲಿ ಎಲ್ಲರ ಚಿಪ್ಪೂ ಹೀಗೇ ಇದೆ. ಹಿರಿಯರದಂತೂ ತೂತೇ ಬಿದ್ದಿದೆ." ಆಮೇಲೆ ಸಾಣೆಯವನ ಚಿಪ್ಪು ಎತ್ತಿ ಹಿಡಿದ. ಬಿಸಿಲು ಅದರೊಳಗೆ ನೇರ ಹಾದು ಅವಳ ಕೈ ಮೇಲೆ ಬಿತ್ತು. "ಇದನ್ನು ನೋಡಿ. ಒಂದು ಗೀರೂ ಇಲ್ಲ. ಆರನೆಯದಾದ ಮೇಲೆ ಇವರ ಎಲ್ಲ ಚಿಪ್ಪೂ ಕೊಟ್ಟ ಹಾಗೇ ವಾಪಸ್ ಬರುತ್ತೆ. ಇಡೀ ಊರಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡೋರು ನಿಮ್ಮ ಯಜಮಾನರೊಬ್ಬರೇ ಅಂತ ಕಾಣುತ್ತೆ."

ನೆಮ್ಮದಿ! ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಪಡಸಾಲೆಯಲ್ಲಿ ಅವನು ಯಾರದೋ ಕುಡುಗೋಲಿಗೆ ಸಾಣೆ ಹಿಡಿಯುತ್ತಾ ಕೂತಿದ್ದ. ಅವಳು ಬಾಗಿಲಲ್ಲೇ ನಿಂತು ಅವನನ್ನು ನೋಡಿದಳು. ಮರೆತೆಯಲ್ಲೋ ಮಹಾರಾಯ, ಅಂದುಕೊಂಡಳು ಮನಸ್ಸಿನಲ್ಲೇ. ಅರೆದು ಅರೆದು ಮುಗಿಸಿಬಿಟ್ಟೆಯಲ್ಲ. ನನ್ನ ಮಗಳು ನಿನ್ನ ಹಲ್ಲಿನ ಸಂದಿಯಲ್ಲೂ ಉಳಿಯಲಿಲ್ಲವಲ್ಲ.

ಬಾಯಿಬಿಟ್ಟು ಕೇಳಿದ್ದರೆ ಆಗುತ್ತಿತ್ತು. ಆ ಊರಿನವಳಲ್ಲವೇ, ಕೇಳಲಿಲ್ಲ. ಮಲಗಿರುವ ಅವನಿಗೂ ಕೇಳಿಸುವ ಹಾಗೆ ತಾನು ನಿದ್ದೆಯಲ್ಲಿ ಕಡಿಯಬೇಕು ಅಂದುಕೊಂಡಳು. ಅಂದಿನಿಂದ ಮಧ್ಯಾಹ್ನದ ಗಂಟೆ ಹೊಡೆದಾಗ ತನ್ನ ಚಿಪ್ಪು ತೆಗೆದು ಜೊಂಡಿನ ಕಂತೆಯೊಳಗೆ ಬಚ್ಚಿಟ್ಟು ಮಲಗತೊಡಗಿದಳು.

ಸದ್ದಿಲ್ಲದ ಊರಿನಲ್ಲಿ ಒಂದು ಮನೆಯಿಂದ ಮತ್ತೆ ಕಿರ್ರ್ ಅನ್ನುವ ಸದ್ದು ಎದ್ದಿತು. ಪಕ್ಕದ ಮನೆಯ ಮುದುಕಿ ಬೇಲಿ ಹತ್ತಿರ ಬಂದು, "ಯಾರದೇ ಅದು, ನಿಂದಾ ಅವನದಾ?" ಅಂತ ಕೇಳಿದಳು. ಚಾಪೆಯವಳು ಜೊಂಡು ಸೀಳುತ್ತಲೇ ಇದ್ದಳು. ಹುಣ್ಣಿಮೆಗೆ ಹೊಸ ಚಿಪ್ಪು ಅವಳ ಹಲ್ಲಿಗೆ ಕೂರಲಿಲ್ಲ. "ಹಾಕಿಕೊಂಡಿಲ್ಲ ನೀವು. ಹಲ್ಲು ಹಳೇ ಜಾಗಕ್ಕೇ ಹೊರಟಿವೆ" ಅಂದ ಚಿಪ್ಪಿನವನು.

ಸಾಣೆಯವನು ಏನಾದರೂ ಅನ್ನುತ್ತಾನಾ ಅಂತ ಕಾದಳು. ಅನ್ನಲಿಲ್ಲ. ಒಂದು ವಿಚಿತ್ರವಿತ್ತು: ಮಧ್ಯಾಹ್ನ ಎದ್ದಾಗ ಕಿವಿಗಳ ಕೆಳಗೆ ಎರಡೂ ಕಡೆ ಮೆಲ್ಲಗೆ ನೋಯುತ್ತಿತ್ತು. ಕಡಿದದ್ದಕ್ಕೇ ಇರಬೇಕು ಅಂದುಕೊಂಡಳು.

ಒಂದು ಮಧ್ಯಾಹ್ನ ನಿದ್ದೆಯಲ್ಲಿ ಅವಳ ದವಡೆ ಹಲ್ಲೊಂದು ಟಪ್ಪೆಂದು ಸೀಳಿತು. ನೋವು ತಲೆಯವರೆಗೂ ಹತ್ತಿ, ಹುಟ್ಟಿದಾಗಿನಿಂದ ಎಂದೂ ನಡುನಿದ್ದೆಯಲ್ಲಿ ಎದ್ದವಳಲ್ಲ, ಅವತ್ತು ಕಣ್ಣು ಬಿಟ್ಟಳು.

ಅವನ ಮುಖ ಅವಳ ಮುಖದ ಮೇಲೇ ಇತ್ತು. ತಲೆದೆಸೆಯಲ್ಲಿ ಮಂಡಿಯೂರಿ ಕೂತು, ಎರಡೂ ಕೈಯಿಂದ ಅವಳ ದವಡೆ ಹಿಡಿದುಕೊಂಡಿದ್ದ. ಕಣ್ಣಲ್ಲಿ ನಿದ್ದೆಯ ಒಂದು ಎಳೆಯೂ ಇರಲಿಲ್ಲ. ಹಣೆಯಲ್ಲಿ ಬೆವರು. ಸಾಣೆಕಲ್ಲಿಗೆ ಸವೆದು ಗಟ್ಟಿಯಾದ ಹೆಬ್ಬೆರಳುಗಳು ಅವಳ ಕಿವಿಗಳ ಕೆಳಗೆ ಒತ್ತಿ ಕೂತಿದ್ದವು. ಎಡಕ್ಕೊಂದು, ಬಲಕ್ಕೊಂದು.

"ಹಲ್ಲು ಹೋಯ್ತಾ?" ಅಂದ.

ಅವಳ ಗಮನವೆಲ್ಲ ಆ ಎರಡು ಹೆಬ್ಬೆರಳುಗಳ ಮೇಲಿತ್ತು. ಮುದುಕಿ ಮುಖ ತೊಳೆಸಿದ್ದು ನೆನಪಾಯಿತು. ನೀಲಿ ಗುರುತು ನೆನಪಾಯಿತು. ಅದೇ ಜಾಗ.

"ಎಷ್ಟು ದಿನದಿಂದ ಮಧ್ಯಾಹ್ನ ಮಲಗಿಲ್ಲ ನೀವು?"

ಅವನು ಕೈ ತೆಗೆದ. ಉತ್ತರ ಅವಳಿಗೆ ಬೇಕಿರಲಿಲ್ಲ. ಸರದಿ ನಿಂತ ದಿನದಿಂದ, ಅವಳು ಕಣ್ಣು ಮುಚ್ಚಿದ ಮೇಲೆ ಅವನು ಎದ್ದು ಕೂರುತ್ತಿದ್ದ; ಮಲಗದವನ ಚಿಪ್ಪಿಗೆ ಗೀರು ಎಲ್ಲಿಂದ ಬೀಳಬೇಕು? ಅಷ್ಟು ತಿಳಿದ ಮೇಲೆ ಮಿಕ್ಕಿದ್ದೂ ಅವಳಿಗೆ ತಾನಾಗಿಯೇ ತಿಳಿಯಿತು. ಆವತ್ತೂ ಅವನು ಹೀಗೇ ಕೂತಿದ್ದ. ಆ ಸಣ್ಣ ಮಾತನ್ನು ನುಂಗಿ ಮಲಗಿದ್ದ ಅವಳು ಹುಚ್ಚು ಹಿಡಿದವಳ ಹಾಗೆ ಹಲ್ಲು ಕಡಿಯುತ್ತಿದ್ದಳು. ಎಬ್ಬಿಸುವ ಹಾಗಿಲ್ಲ, ಹಲ್ಲು ಒಡೆದೀತು ಅಂತ ಎರಡೂ ಕೈಯಲ್ಲಿ ದವಡೆ ಹಿಡಿದು, ಬಗ್ಗಿ ಕೂತಿದ್ದ. ಕಿವಿಯ ಹತ್ತಿರವೇ ಅವಳ ಹಲ್ಲಿನ ಕಿರ್ರ್. ಅಂಗಳದಲ್ಲಿ ಏಣಿಯ ಕಿರ್ರ್. ಅವಳ ಸದ್ದಿನೊಳಗೆ ಮಗಳ ಸದ್ದು ಸೇರಿಹೋಗಿತ್ತು.

ಅದನ್ನು ಅವಳಿಗೆ ಹೇಗೆ ಹೇಳುತ್ತಾನೆ? ನಿನ್ನ ಹಲ್ಲಿನ ಸದ್ದಿಗೆ ಮಗಳ ಹೆಜ್ಜೆ ಕೇಳಿಸಲಿಲ್ಲ ಅಂತ ಯಾವ ಬಾಯಲ್ಲಿ ಹೇಳುತ್ತಾನೆ? ಅದಕ್ಕೇ ಊರು ಕೊಟ್ಟ ಹೆಸರು ಹೊತ್ತುಕೊಂಡ. ಬೇಲಿಯಾಚೆ ನಿಂತು ಕರೆದವರಿಗೆಲ್ಲ ಒಂಬತ್ತು ವರ್ಷ "ಹೌದು, ಬನ್ನಿ" ಅಂದ.

ಚಾಪೆಯವಳು ಕಟ್ಟಳೆ ಮುರಿದಳು.

"ಆವತ್ತು ನೀವು ಮಲಗಿರಲಿಲ್ಲ" ಅಂದಳು. "ನನ್ನ ದವಡೆ ಹಿಡ್ಕೊಂಡು ಕೂತಿದ್ರಿ. ನನ್ನ ಸದ್ದಿಗೆ ಏಣಿ ಸದ್ದು ಕೇಳಿಸಲಿಲ್ಲ. ಅಲ್ವಾ? ನನ್ನ ಮುಖ ನೋಡಿ ಹೇಳಿ."

ಸಾಣೆಯವನು ಬಾಯಿಗೆ ಬೆರಳು ಹಾಕಿ ಚಿಪ್ಪು ತೆಗೆದ. ಮೆಲ್ಲಗೆ ಚಾಪೆಯ ಮೇಲಿಟ್ಟ. ಅವಳ ಮುಖ ನೋಡಿದ.

"ಮಲಗಿಬಿಟ್ಟೆ ಕಣೇ" ಅಂದ. "ಕಣ್ಣು ಹತ್ತಿಬಿಡ್ತು."

ಒಂಬತ್ತು ವರ್ಷ ಕಾದಿದ್ದ ಮಾತು. ಅವಳು ಬಯಸಿದ್ದ ಹಾಗೇ, ಎಚ್ಚರದಲ್ಲಿ, ಮುಖ ನೋಡಿ, ಒಂದು ಅಕ್ಷರವೂ ಆಚೀಚೆಯಾಗದೆ ಬಂತು. ಸುಳ್ಳಾಗಿ ಬಂತು.

ಅವಳಿಗೆ ಅಳುವುದಕ್ಕೂ ಆಗಲಿಲ್ಲ. ಆ ಬೆಳಿಗ್ಗೆ ನುಂಗಿದ ಸಣ್ಣ ಮಾತು ಯಾವುದು ಅಂತ ನೆನಪಿಸಿಕೊಳ್ಳಲು ನೋಡಿದಳು. ಜೊಂಡಿನ ವಿಷಯವೋ, ಸೌದೆಯ ವಿಷಯವೋ, ಅವನು ಬಂದವರೆದುರು ಏನೋ ಅಂದಿದ್ದನೋ. ಎಷ್ಟು ನೋಡಿದರೂ ನೆನಪಾಗಲಿಲ್ಲ. ಮಗಳನ್ನು ಕಳೆದ ಮಾತು, ಅದು ಯಾವುದೆಂದೇ ಅವಳಿಗೆ ಗೊತ್ತಿಲ್ಲ.

ಎದ್ದು ಒಳಗೆ ಹೋದಳು. ಬಳಸದೆ ಕಿಲುಬು ಹಿಡಿದಿದ್ದ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು, ನೀರು ತುಂಬಿಸಿದಳು, ತಂದು ಅವನ ಕೈಗೆ ಕೊಟ್ಟಳು.

"ಬಾಯಿ ಮುಕ್ಕಳಿಸಿ" ಅಂದಳು.

ಅವನು ಬಾಯಿ ತುಂಬ ನೀರು ತೆಗೆದುಕೊಂಡು ಅಂಗಳಕ್ಕೆ ಹೋದ. ಬೇವಿನ ಮರದ ಬುಡದಲ್ಲಿ, ಬಿಸಿಲಲ್ಲಿ, ಕೆನ್ನೆ ಉಬ್ಬಿಸಿಕೊಂಡು ಬಹಳ ಹೊತ್ತು ನಿಂತ. ಉಗಿಯಲೂ ಇಲ್ಲ, ನುಂಗಲೂ ಇಲ್ಲ. ಅವಳು ಬಾಗಿಲಲ್ಲಿ ನಿಂತು ಅವನ ಬೆನ್ನು ನೋಡಿದಳು.

ಮರುದಿನ ಬೆಳಿಗ್ಗೆ ಹಿರಿಯನ ಮನೆಯವರು ಈಳಿಗೆ ಸಾಣೆ ಹಿಡಿಸಲು ಬಂದರು. ಜೊತೆಯಲ್ಲಿ ನಾಲ್ಕು ಜನ ಹೆಂಗಸರು. ಪಡಸಾಲೆಯಲ್ಲಿ ಸಾಣೆಕಲ್ಲು ತಿರುಗುತ್ತಿತ್ತು. ಅಂಗಳದಲ್ಲಿ ಚಾಪೆಯವಳು ಜೊಂಡು ಸೀಳುತ್ತಾ ಕೂತಿದ್ದಳು. ಬಾಯಲ್ಲಿ ಚಿಪ್ಪಿರಲಿಲ್ಲ, ಒಂದು ಕೆನ್ನೆ ಊದಿತ್ತು.

"ಮಲಗಿದವನ ಮನೆ ಇದೇ ಅಲ್ವಾ?" ಅಂದರು ಬೇಲಿಯಾಚೆಯಿಂದ, ಎಂದಿನಂತೆ.

"ಹೌದು, ಬ..." ಅನ್ನುವ ದನಿ ಒಳಗಿನಿಂದ ಹೊರಟಿತು.

"ಅಲ್ಲ" ಅಂದಳು ಚಾಪೆಯವಳು. ಕೈಯಲ್ಲಿದ್ದ ಜೊಂಡು ಕೆಳಗಿಟ್ಟು ಎದ್ದು ನಿಂತಳು. ಊರಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು. "ಮಲಗಿದವಳ ಮನೆ. ಆವತ್ತು ಮಲಗಿದ್ದವಳು ನಾನು. ಅವರು ಎಚ್ಚರವಾಗೇ ಇದ್ರು. ನನ್ನ ಹಲ್ಲಿನ ಸದ್ದಲ್ಲಿ ನನ್ನ ಮಗಳ ಸದ್ದು ಕೇಳಿಸಲಿಲ್ಲ, ಅಷ್ಟೇ. ನಾಳೆಯಿಂದ ನನ್ನ ಹೆಸರು ಹಿಡಿದು ಕೇಳಿಕೊಂಡು ಬನ್ನಿ."

ಬಂದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಒಳಗೆ ಸಾಣೆಕಲ್ಲು ನಿಂತಿತು. ಬಹಳ ಹೊತ್ತು ಅದು ಮತ್ತೆ ತಿರುಗಲಿಲ್ಲ.